ಹೋದ ಸಲ ಏಳು ಅಂದಿದ್ರಿ

ಆಸ್ಪತ್ರೆಯ ಮೊದಲ ಮಹಡಿಯಲ್ಲಿ, ಎಕ್ಸ್-ರೇ ವಿಭಾಗಕ್ಕೂ ಕುಡಿಯುವ ನೀರಿನ ಯಂತ್ರಕ್ಕೂ ನಡುವೆ ಸಿಕ್ಕಿಕೊಂಡಂತಿದ್ದ ಕಿರುಕೋಣೆಯಲ್ಲಿ ಒಂಬತ್ತು ವರ್ಷಗಳಿಂದ ಕೂತು ಜನರ ನೋವಿಗೆ ಅಂಕಿ ಬರೆದುಕೊಳ್ಳುತ್ತಿದ್ದವಳನ್ನು ಎಲ್ಲರೂ ಕರೆಯುತ್ತಿದ್ದುದು ನಂಬರಕ್ಕ ಎಂದು. ಬಾಗಿಲ ಫಲಕದಲ್ಲಿ ‘ಸಂಶೋಧನಾ ಸಂದರ್ಶಕಿ’ ಎಂದಿತ್ತು. ಅದನ್ನು ಪೂರ್ತಿ ಓದುವಷ್ಟು ಹೊತ್ತು ಹೊರಗೆ ನಿಲ್ಲುವ ತ್ರಾಣ ಅಲ್ಲಿಗೆ ಬರುವವರಲ್ಲಿ ಬಹುಮಂದಿಗೆ ಇರುತ್ತಿರಲಿಲ್ಲ.

ಕೆಲಸ ನೋಡಲು ಸುಲಭವಾಗಿತ್ತು. ಬೆನ್ನು, ಕುತ್ತಿಗೆ, ಭುಜದ ಹಳೆಯ ನೋವಿಗೆ ಹೊಸದೊಂದು ಚಿಕಿತ್ಸಾಕ್ರಮವನ್ನು ಆ ಆಸ್ಪತ್ರೆಯಲ್ಲಿ ಪರೀಕ್ಷಿಸುತ್ತಿದ್ದರು. ಅದಕ್ಕೆ ಸೇರಿದ ಪ್ರತಿ ರೋಗಿಯೂ ಮೂರು ವಾರಕ್ಕೊಮ್ಮೆ ಮೊದಲು ಈ ಕೋಣೆಗೆ ಬಂದು ಇಪ್ಪತ್ತೆರಡು ಪ್ರಶ್ನೆಗಳಿಗೆ ಉತ್ತರಿಸಿ, ಆಮೇಲೆ ಚಿಕಿತ್ಸೆಯ ಕೋಣೆಗೆ ಹೋಗಬೇಕು. ನಿದ್ದೆ ಹೇಗಿದೆ, ಕೈ ಎಷ್ಟು ಎತ್ತರಕ್ಕೆ ಹೋಗುತ್ತದೆ, ಮೆಟ್ಟಿಲು ಹತ್ತಲಾಗುತ್ತದೆಯೇ ಎಂಬಂಥ ಪ್ರಶ್ನೆಗಳು ಸಲೀಸಾಗಿ ದಾಟುತ್ತಿದ್ದವು. ಬಂಡಿ ಹೂತುಕೊಳ್ಳುತ್ತಿದ್ದುದು ನಾಲ್ಕನೆಯದರಲ್ಲಿ: ‘ಕಳೆದ ಏಳು ದಿನಗಳಲ್ಲಿ ನಿಮ್ಮ ನೋವು ಸರಾಸರಿ ಎಷ್ಟಿತ್ತು? ಸೊನ್ನೆ ಎಂದರೆ ನೋವಿಲ್ಲ. ಹತ್ತು ಎಂದರೆ ನೀವು ಊಹಿಸಬಲ್ಲ ಅತ್ಯಂತ ಕೆಟ್ಟ ನೋವು.’

ಆ ಒಂದು ಅಂಕಿಯ ಮೇಲೆ ಬಹಳಷ್ಟು ನಿಂತಿತ್ತು. ಸತತ ಎರಡು ಸಲ ಮೂರು ಅಥವಾ ಅದಕ್ಕಿಂತ ಕಡಿಮೆ ಬಂದರೆ ರೋಗಿ ‘ಗುಣಮುಖ’. ಅವರ ಚಿಕಿತ್ಸೆ ಅಲ್ಲಿಗೆ ಮುಗಿದು, ಆ ಜಾಗ ಕಾಯುತ್ತಿರುವ ಇನ್ನೊಬ್ಬರಿಗೆ.

ಜನರೋ, ಅಂಕಿ ಕೇಳಿದರೆ ಕತೆ ಹೇಳುವವರು. “ನೋವು ನಮ್ಮತ್ತೆ ಇದ್ದಂಗೆ ಅಕ್ಕ. ಬರೋವಾಗ ಹೇಳಲ್ಲ, ಬಂದ್ರೆ ಹೋಗಲ್ಲ. ಅದಕ್ಕೆ ಎಷ್ಟು ಅಂತ ಮಾರ್ಕ್ಸ್ ಹಾಕ್ಲಿ?” ಎಂದಿದ್ದಳು ಶಾಲೆಯೊಂದರ ಆಯಾ. ಲಾರಿ ಓಡಿಸುವವನೊಬ್ಬ, “ಸರಾಸರಿ ಅಂದ್ರೆ? ಏರಿನಲ್ಲಾ, ಇಳಿಜಾರಿನಲ್ಲಾ?” ಎಂದು ಕೇಳಿ ತಾನೇ ಗಹಗಹಿಸಿ, ನಕ್ಕದ್ದಕ್ಕೆ ಬೆನ್ನು ಹಿಡಿದುಕೊಂಡಿದ್ದ. ಬಹಳ ಜನ ಸುಮ್ಮನೆ ಕೂರುತ್ತಿದ್ದರು. ಆ ಮೌನದಲ್ಲಿ ಅವರ ಮುಖದ ಮೇಲೆ ಮೂಡುತ್ತಿದ್ದ ನಾಚಿಕೆಯನ್ನು, ಉತ್ತರ ಗೊತ್ತಿಲ್ಲದೆ ತರಗತಿಯಲ್ಲಿ ಎದ್ದು ನಿಂತ ಮಗುವಿನಂಥ ನಾಚಿಕೆಯನ್ನು, ನಂಬರಕ್ಕನಿಂದ ನೋಡಲಾಗುತ್ತಿರಲಿಲ್ಲ.

ಅದಕ್ಕೆ ಕಾರಣವೂ ಇತ್ತು. ಅವಳ ತಾಯಿ ಕೊನೆಯ ಆರು ವರ್ಷ ಬೆನ್ನುನೋವಿನಲ್ಲೇ ಕಳೆದವಳು. ತಾಯಿಯನ್ನು ತೋಳು ಹಿಡಿದು ವೈದ್ಯರಲ್ಲಿಗೆ ಕರೆದೊಯ್ಯುತ್ತಿದ್ದವಳು ಇವಳೇ. ಆ ವೈದ್ಯರು ಬರೆಯುತ್ತಿದ್ದ ಕಾಗದದಿಂದ ಕಣ್ಣೆತ್ತದೆ “ನೋವು ಎಷ್ಟಿದೆ?” ಎನ್ನುತ್ತಿದ್ದರು. ಅಮ್ಮ “ಇದೆ” ಎನ್ನುತ್ತಿದ್ದಳು. “ಎಲ್ಲರಿಗೂ ಇರುತ್ತೆ” ಎಂದು ಅವರು ಚೀಟಿ ಹರಿದುಕೊಡುತ್ತಿದ್ದರು. ಅಮ್ಮ ಹೋದ ಮೇಲೆ, ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಸರದಿಚೀಟಿ ಕೊಡುವ ಕೆಲಸ ಬಿಟ್ಟು ಇಲ್ಲಿಗೆ ಸೇರಿದಾಗ, ತನ್ನೆದುರು ಕೂತ ಯಾರೂ ಅಷ್ಟು ಸಣ್ಣವರಾಗಬಾರದೆಂದು ಅವಳು ಮನಸ್ಸಿನಲ್ಲೇ ಗಟ್ಟಿಮಾಡಿಕೊಂಡಿದ್ದಳು.

ಹಾಗಾಗಿ ಅವಳು ಒಂದು ಉಪಾಯ ಕಂಡುಕೊಂಡಿದ್ದಳು. ಉಪಾಯ ಅನ್ನುವುದಕ್ಕಿಂತ ಉಪಕಾರ ಎಂದೇ ಅವಳ ಭಾವನೆ. ರೋಗಿಯ ಹಳೆಯ ಫಾರ್ಮು ಹೊಸದರ ಹಿಂದೆ ಪಿನ್ನಾಗಿ ಮೇಜಿಗೆ ಬರುತ್ತಿತ್ತು. ಅದನ್ನು ಮಗುಚಿ, ಮುಖದಲ್ಲಿ ನಗು ತಂದುಕೊಂಡು, “ಹೋದ ಸಲ ಏಳು ಅಂದಿದ್ರಿ. ಈಗ ಸ್ವಲ್ಪ ಇಳಿದಿದೆಯಾ?” ಎನ್ನುವಳು. ಕೂಡಲೇ ಮುಖಗಳು ಅರಳುತ್ತಿದ್ದವು. ಹಿಡಿಯಲು ಒಂದು ಕಂಬಿ ಸಿಕ್ಕಿತಲ್ಲ! “ಹ್ಞೂ ಅಕ್ಕ, ಇಳಿದಿದೆ. ಆರು ಬರ್ಕೊಳ್ಳಿ.” ಅವಳು ಬರೆದುಕೊಳ್ಳುವಳು. ಇಬ್ಬರಿಗೂ ಹಗುರವಾಗುತ್ತಿತ್ತು.

ಒಂಬತ್ತನೆಯ ವರ್ಷದಲ್ಲಿ ದೊಡ್ಡ ಡಾಕ್ಟರು, ಎಂದರೆ ಆ ವಿಭಾಗದ ಮುಖ್ಯಸ್ಥರು, ಹೊಸ ಸುದ್ದಿ ತಂದರು. ಇದೇ ಚಿಕಿತ್ಸೆಯನ್ನು ಪರೀಕ್ಷಿಸುತ್ತಿರುವ ಆರು ಆಸ್ಪತ್ರೆಗಳ ಮಾಹಿತಿಯನ್ನು ಒಟ್ಟುಗೂಡಿಸಲಿದ್ದಾರೆ. ಇನ್ನು ಮೇಲೆ ಆರೂ ಕಡೆ ಒಂದೇ ಪ್ರಶ್ನಾವಳಿ, ಒಂದೇ ರೀತಿಯ ಕೇಳುವಿಕೆ. ಒಂದೊಂದು ಕಡೆ ಒಂದೊಂದು ಥರ ಕೇಳಿದರೆ ಉತ್ತರಗಳನ್ನು ಕೂಡಿಸುವುದೂ ಒಂದೇ, ಮೊಳವನ್ನೂ ಸೇರನ್ನೂ ಕೂಡಿಸುವುದೂ ಒಂದೇ ಎಂದು ಅವರು ವಿವರಿಸಿದರು. ಅದಕ್ಕಾಗಿ ತರಬೇತುಗಾರ್ತಿಯೊಬ್ಬಳು ಬಂದಳು. ಚುರುಕು ನಡಿಗೆಯ, ಸಣ್ಣ ಕೂದಲಿನ, ಎಲ್ಲಕ್ಕೂ ‘ಚೆನ್ನಾಗಿದೆ’ ಎನ್ನುತ್ತಲೇ ತಪ್ಪು ಹುಡುಕುವ ಹೆಂಗಸು.

ಮೊದಲ ದಿನವೇ ಅವಳು ಗೋಡೆಯ ಮೇಲೆ ಆರು ಗೆರೆಗಳ ನಕ್ಷೆಯೊಂದನ್ನು ತೋರಿಸಿದಳು. ಒಂದೊಂದು ಆಸ್ಪತ್ರೆಗೆ ಒಂದೊಂದು ಗೆರೆ. ತಿಂಗಳು ಕಳೆದಂತೆ ರೋಗಿಗಳ ನೋವಿನ ಅಂಕಿ ಹೇಗೆ ಸಾಗಿತೆಂಬುದರ ಗುರುತು. ಐದು ಗೆರೆಗಳು ಒಗೆದ ಬಟ್ಟೆ ಹರವಿದ ಹಗ್ಗದಂತೆ ಜೋತಾಡುತ್ತಿದ್ದವು. ಆರನೆಯದು ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ನೀಟಾಗಿ ಕೆಳಗಿಳಿದಿತ್ತು.

“ಇದು ನಿಮ್ಮದು,” ಎಂದಳು ತರಬೇತುಗಾರ್ತಿ, ನಂಬರಕ್ಕನ ಕಡೆ ತಿರುಗಿ. “ಆರು ಕಡೆಗಳಲ್ಲೂ ಚಿಕಿತ್ಸೆ ಒಂದೇ. ಇಲ್ಲಿ ಮಾತ್ರ ಇಷ್ಟು ಚೆನ್ನಾಗಿ ಕೆಲಸ ಮಾಡಿದೆ. ಜನ ನಿಮ್ಮ ಹತ್ರ ಬಿಚ್ಚಿ ಹೇಳ್ತಾರೆ ಅನ್ಸುತ್ತೆ. ನೀವು ಕೇಳೋ ರೀತಿಯನ್ನೇ ವಿಡಿಯೋ ಮಾಡಿ ಉಳಿದವರಿಗೆ ತೋರಿಸ್ಬೇಕು ಅಂತಿದ್ದೀನಿ.”

ದೊಡ್ಡ ಡಾಕ್ಟರು ಮೀಸೆಯಲ್ಲೇ ನಕ್ಕರು. “ಜನ ಮೂರು ಬಸ್ ಬದಲಾಯಿಸಿ ಬರೋದು ಚಿಕಿತ್ಸೆಗೋ ನಮ್ಮ ನಂಬರಕ್ಕನ್ನ ನೋಡೋಕೋ ಅಂತ ನಂಗೇ ಅನುಮಾನ.”

ಎಲ್ಲರೂ ನಕ್ಕರು. ನಂಬರಕ್ಕನೂ ನಕ್ಕಳು. ಊಟದ ಬಿಡುವಿನಲ್ಲಿ, ಹಂಚಿದ್ದ ತೆಳು ಕೈಪಿಡಿಯ ಪುಟ ತಿರುವುತ್ತ ಹನ್ನೊಂದನೆಯ ನಿಯಮಕ್ಕೆ ಬಂದಾಗ ಆ ನಗು ತುಟಿಯಲ್ಲೇ ಒಣಗಿತು. ‘ರೋಗಿಯ ಹಿಂದಿನ ಉತ್ತರವನ್ನು ಯಾವ ಕಾರಣಕ್ಕೂ ಅವರಿಗೆ ನೆನಪಿಸಬಾರದು. ನೋವು ಕಡಿಮೆಯಾಗಿದೆಯೇ ಎಂದು ಕೇಳಬಾರದು. ಪ್ರಶ್ನೆಯನ್ನು ಬರೆದಿರುವಂತೆಯೇ ಓದಿ, ಉತ್ತರ ಬರುವವರೆಗೂ ಸುಮ್ಮನಿರಬೇಕು.’

ಅವಳು ಪುಸ್ತಕ ಮುಚ್ಚಿ ಅತ್ತಿತ್ತ ನೋಡಿದಳು, ಯಾರೋ ತನ್ನ ಹೆಗಲ ಮೇಲಿಂದ ಓದುತ್ತಿರುವರೇನೋ ಎಂಬಂತೆ. ಆಮೇಲೆ ತನಗೆ ತಾನೇ ಸಮಾಧಾನ ಹೇಳಿಕೊಂಡಳು: ಇದು ಇನ್ನು ಮುಂದಿನದಕ್ಕೆ ಮಾಡಿದ ನಿಯಮ. ಹಿಂದಿನದು ಹಿಂದೆ. ಇಷ್ಟಕ್ಕೂ ನಾನು ಅಂಕಿ ತಿದ್ದಲಿಲ್ಲವಲ್ಲ. ಅವರು ಹೇಳಿದ್ದನ್ನೇ ಬರೆದೆ. ವಾದ ಗಟ್ಟಿಯಾಗಿಯೇ ಇತ್ತು. ಆದರೂ ಅವಳು ಅದನ್ನು ಸಂಜೆಯೊಳಗೆ ನಾಲ್ಕು ಸಲ ಹೇಳಿಕೊಳ್ಳಬೇಕಾಯಿತು.

ಅವಳ ಗಂಡನದು ಕನ್ನಡಕದ ಅಂಗಡಿ. ಒಂದೇ ಬಾಗಿಲಿನ, ಎರಡು ಗೋಡೆಗೂ ಕನ್ನಡಿ ಹಚ್ಚಿದ ಅಂಗಡಿ. ಭಾನುವಾರ ಮಧ್ಯಾಹ್ನ ಅವಳು ಅಲ್ಲಿ ಕೂತು ಗಾಜು ಒರೆಸಿಕೊಡುವುದು ರೂಢಿ. ಆ ಭಾನುವಾರ ನಿವೃತ್ತ ಅಂಚೆಯವರೊಬ್ಬರು ಕಣ್ಣು ತೋರಿಸಲು ಬಂದಿದ್ದರು. ಗಂಡ ಅವರ ಮೂಗಿನ ಮೇಲೆ ಭಾರದ ಚೌಕಟ್ಟು ಕೂರಿಸಿ, ಒಂದು ಗಾಜು ಹಾಕಿ, “ಇದು ಸ್ಪಷ್ಟವಾ?” ಎಂದ; ತೆಗೆದು, ಪೆಟ್ಟಿಗೆಯಲ್ಲಿ ಕೈಯಾಡಿಸಿ, ಮತ್ತೆ ಗಾಜು ಹಾಕಿ, “ಈಗ ಹೇಗೆ, ಇನ್ನೂ ಚೆನ್ನಾಗಿದೆಯಾ?” ಎಂದ.

“ಓಹೋ, ಈಗ ಬಹಳ ಚೆನ್ನಾಗಿದೆ ಕಣಪ್ಪ!”

ಅಂಚೆಯವರು ಹೋದ ಮೇಲೆ ಗಂಡ ಗಾಜುಗಳನ್ನು ಪೆಟ್ಟಿಗೆಯಲ್ಲಿಡುತ್ತ ನಕ್ಕ. “ನೋಡಿದ್ಯಾ? ಎರಡು ಸಲವೂ ಹಾಕಿದ್ದು ಅದೇ ಗಾಜು.”

“ಮತ್ತೆ ಚೆನ್ನಾಗಿದೆ ಅಂದ್ರಲ್ಲ?”

“ಹತ್ತರಲ್ಲಿ ಎಂಟು ಜನ ಹಾಗೇ ಅನ್ನೋದು. ಪಾಪ, ಇವನು ಇಷ್ಟು ಕಷ್ಟಪಟ್ಟು ಬದಲಾಯಿಸ್ತಿದ್ದಾನೆ, ಇಲ್ಲ ಅಂದ್ರೆ ಬೇಜಾರಾಗ್ತಾನೆ ಅಂತ. ಅದಕ್ಕೇ ಒಂದ್ಸಲ ಹೀಗೆ ಮಾಡಿ ನೋಡ್ತೀನಿ. ‘ಚೆನ್ನಾಗಿದೆಯಾ’ ಅಂತ ಕೇಳೋನಿಗೆ ಚೆನ್ನಾಗಿದೆ ಅಂತಲೇ ಸಿಗೋದು. ಅದನ್ನ ನಂಬ್ಕೊಂಡು ಕನ್ನಡಕ ಮಾಡಿದ್ರೆ ಮಾರನೇ ದಿನ ಚರಂಡಿಗೆ ಬೀಳ್ತಾರೆ.”

ನಂಬರಕ್ಕನ ಕೈ ಒರೆಸುತ್ತಿದ್ದ ಗಾಜಿನ ಮೇಲೆಯೇ ನಿಂತಿತು.

“ಯಾಕೇ? ನಾನೇನಂದೆ ಈಗ?”

“ಏನಿಲ್ಲ ಬಿಡಿ. ಬಿಸಿಲು,” ಎಂದಳು. ಅಂಗಡಿಯ ಒಳಗೆ ಬಿಸಿಲು ಬೀಳುತ್ತಿರಲಿಲ್ಲ. ಗಂಡ ಮತ್ತೆ ಕೇಳಲಿಲ್ಲ. ಅವನು ಅವಳ ಮುಖವನ್ನು ಇಪ್ಪತ್ತು ವರ್ಷಗಳಿಂದ ಓದುತ್ತಿದ್ದವನು.

ಎರಡು ದಿನ ಅವಳು ಹಳೆಯ ಫಾರ್ಮುಗಳನ್ನು ತೆಗೆದು ನೋಡಿದಳು. ಎಂಟು, ಏಳು, ಆರು, ಐದು. ಒಂಬತ್ತು, ಎಂಟು, ಏಳು. ಹಿಂದೆ ಇದನ್ನು ನೋಡಿದಾಗಲೆಲ್ಲ ಅವಳಿಗೆ ಜನ ಗುಣವಾಗುತ್ತಿರುವುದು ಕಾಣುತ್ತಿತ್ತು. ಈಗ ಜನ ತನ್ನ ಮುಖ ನೋಡಿ ಒಂದೊಂದೇ ಅಂಕಿ ಬಿಟ್ಟುಕೊಡುತ್ತಿರುವುದು ಕಂಡಿತು. ನೋವು ಹೀಗೆ ಲೆಕ್ಕ ತಪ್ಪದೆ ಇಳಿಯುತ್ತದೆಯೇ? ತನ್ನ ಅಮ್ಮನ ನೋವು ಒಂದು ದಿನವಾದರೂ ಹೀಗೆ ಹೇಳಿದ ಮಾತು ಕೇಳಿತ್ತೇ?

ಅವುಗಳ ನಡುವೆ ಲಾಂಡ್ರಿಯಮ್ಮನ ಫಾರ್ಮು ಸಿಕ್ಕಿತು. ಆಸ್ಪತ್ರೆಯಿಂದ ನಾಲ್ಕು ಬೀದಿ ಆಚೆಯ ಲಾಂಡ್ರಿಯಲ್ಲಿ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದ ಹೆಂಗಸು, ಬಲಭುಜದ ನೋವು. ಮಾತಿನ ಮಲ್ಲಿ. ನಂಬರಕ್ಕನ ಬಿಳಿಕೋಟಿನ ಸುಕ್ಕು ನೋಡಿ, “ಇದೇನು ತಾಯಿ, ರಾತ್ರಿಯೆಲ್ಲ ಇದರ ಮೇಲೇ ಮಲಗಿದ್ರಾ?” ಎಂದು ಮೊದಲ ದಿನವೇ ರೇಗಿಸಿದವಳು. ಎಂಟರಿಂದ ಶುರುವಾಗಿ ಏಳನೆಯ ಭೇಟಿಗೆ ಮೂರು, ಎಂಟನೆಯದಕ್ಕೂ ಮೂರು. ಕೆಳಗೆ ದೊಡ್ಡ ಡಾಕ್ಟರ ರುಜು: ಗುಣಮುಖ. ನಾಲ್ಕು ತಿಂಗಳಾಗಿತ್ತು.

ಬುಧವಾರ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಅವಳು ಲಾಂಡ್ರಿಯ ಬೀದಿಗೆ ತಿರುಗಿದಳು. ಗಾಜಿನ ಕಿಟಕಿಯ ಒಳಗೆ ಹಬೆ. ಎದೆಮಟ್ಟದ ಮೇಜಿನ ಮುಂದೆ ಲಾಂಡ್ರಿಯಮ್ಮ ಅಂಗಿಯೊಂದರ ತೋಳನ್ನು ಹಾಸುತ್ತಿದ್ದಳು. ಇಸ್ತ್ರಿಪೆಟ್ಟಿಗೆ ಇದ್ದುದು ಎಡಗೈಯಲ್ಲಿ. ಬಲಗೈ ಹೊಟ್ಟೆಗೆ ಒತ್ತಿಕೊಂಡು, ಬೇರೆ ಯಾರದೋ ವಸ್ತುವನ್ನು ಕಾಪಾಡುತ್ತಿರುವಂತೆ ನಿಶ್ಚಲವಾಗಿತ್ತು. ಗೂಟದಲ್ಲಿದ್ದ ಹ್ಯಾಂಗರನ್ನು ತೆಗೆಯಬೇಕಾದಾಗ ಅವಳು ಮೈಯನ್ನೇ ಪೂರ್ತಿ ತಿರುಗಿಸಿ ಎಡಗೈ ಚಾಚಿದಳು.

“ಅಯ್ಯೋ ನಂಬರಕ್ಕ! ಬನ್ನಿ ಬನ್ನಿ. ಕೋಟು ತಂದಿದ್ದೀರಾ?”

“ಇಲ್ಲಮ್ಮ. ನಿಮ್ಮನ್ನೇ ನೋಡೋಕೆ ಬಂದೆ. ಕೈ ಹೇಗಿದೆ?”

“ಇದೆಯಲ್ಲ, ಕಾಣ್ಸಲ್ವಾ? ಎರಡೂ ಇವೆ.”

“ತಮಾಷೆ ಬೇಡ. ಎಡಗೈಲಿ ಯಾಕೆ ಮಾಡ್ತಿದ್ದೀರಿ?”

ಲಾಂಡ್ರಿಯಮ್ಮ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟಳು. “ಬಲಗೈ ಎತ್ತಕ್ಕಾಗಲ್ಲ ತಾಯಿ. ಈಗ ತಲೆ ಬಾಚೋಕೂ ಮಗಳೇ ಬೇಕು.”

“ಅಲ್ಲಿಗೆ ಬಂದಾಗ ಮೂರು ಅಂದ್ರಲ್ಲ. ಎರಡು ಸಲ.”

“ಅಂದೆ.”

“ನಿಜವಾಗಿಯೂ ಮೂರಿತ್ತಾ?”

ಲಾಂಡ್ರಿಯಮ್ಮ ನಂಬರಕ್ಕನ ಮುಖವನ್ನು ಅನುಕಂಪದಿಂದ ನೋಡಿದಳು, ಏನೂ ತಿಳಿಯದ ಮಗುವಿಗೆ ಬುದ್ಧಿ ಹೇಳುವಂತೆ. “ಮೂರಾ, ಎಂಟಾ, ನಂಗೇನು ಗೊತ್ತು? ನೀವು ಅಷ್ಟು ಆಸೆಯಿಂದ ‘ಇಳಿದಿದೆಯಾ’ ಅಂತ ಕೇಳ್ತಿದ್ರಿ. ಇಲ್ಲ ಅಂದ್ರೆ ನಿಮ್ಮ ಮುಖ ಬಾಡ್ತಿತ್ತು. ಒಂದ್ಸಲ ‘ಅಷ್ಟೇ ಇದೆ’ ಅಂದಾಗ ‘ಪರವಾಗಿಲ್ಲ ಬಿಡಿ’ ಅಂದ್ರಿ ನೋಡಿ, ನಂಗೆ ಮನೆಗೆ ಹೋಗೋವರೆಗೂ ಬೇಜಾರು. ಇಷ್ಟು ಚೆನ್ನಾಗಿ ನೋಡ್ಕೊಳ್ಳೋರಿಗೆ ನನ್ನಿಂದ ಅಷ್ಟೂ ಆಗ್ಬಾರದಾ?”

“ಆದ್ರೆ ಅದರಿಂದ ನಿಮ್ಮ ಚಿಕಿತ್ಸೆ ನಿಂತುಹೋಯ್ತಲ್ಲ!”

“ಮೂರು ಅಂದ್ರೆ ನಿಲ್ಲಿಸ್ತಾರೆ ಅಂತ ನಂಗೆ ಯಾರು ಹೇಳಿದ್ರು? ನಿಂತಾಗ, ನಂದು ಇಷ್ಟೇ ಇರ್ಬೇಕು, ಇನ್ನು ಮೇಲೆ ಹೀಗೇ ಇರುತ್ತೇನೋ ಅಂದ್ಕೊಂಡೆ.”

ಅವಳ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನಂಬರಕ್ಕ ಹೇಗೋ ತಡೆದುಕೊಳ್ಳುತ್ತಿದ್ದಳು. ನಾಲ್ಕು ತಿಂಗಳ ಆ ನೋವು ತನ್ನ ಮುಖ ಬಾಡದಿರಲೆಂದು ಅವಳು ತೆತ್ತ ಬೆಲೆ ಎಂಬುದು, ಹಬೆ ತುಂಬಿದ ಆ ಅಂಗಡಿಯಲ್ಲಿ, ಯಾವ ಮರೆಯೂ ಇಲ್ಲದೆ ಅವಳೆದುರು ನಿಂತಿತ್ತು. ಅಮ್ಮನನ್ನು ಕಣ್ಣೆತ್ತಿ ನೋಡದ ವೈದ್ಯರನ್ನು ಅವಳು ಜೀವಮಾನವಿಡೀ ಶಪಿಸಿದ್ದಳು. ಅವರು ನೋಡದೆ ಮಾಡಿದ್ದನ್ನು ತಾನು ನೋಡುತ್ತ, ನಗುತ್ತ, ಅಕ್ಕರೆಯಿಂದ ಮಾಡಿದ್ದಳು.

ಅಂದು ಮಧ್ಯಾಹ್ನ ವಿಡಿಯೋ ತೆಗೆಯಬೇಕಿತ್ತು. ತರಬೇತುಗಾರ್ತಿ ಕ್ಯಾಮೆರಾವನ್ನು ಮೂರು ಕಾಲಿನ ಮೇಲೆ ನಿಲ್ಲಿಸಿ, ನಂಬರಕ್ಕನ ಹಿಂದಿನ ಗೋಡೆಯಲ್ಲಿದ್ದ ಕ್ಯಾಲೆಂಡರನ್ನು ತೆಗೆಸಿದ್ದಳು. ದೊಡ್ಡ ಡಾಕ್ಟರು ರೋಗಿಯ ಪಾತ್ರ ಮಾಡಲು ತಾವೇ ಎದುರು ಕೂತಿದ್ದರು.

“ಸರ್, ಇದು ಬೇಡ,” ಎಂದಳು ನಂಬರಕ್ಕ.

“ಯಾಕಮ್ಮ, ನಾಚಿಕೆಯಾ? ನನ್ನಂಥ ಮುದುಕನ ಎದುರು ಎಂಥಾ ನಾಚಿಕೆ.”

“ನಾನು ಕೇಳ್ತಿದ್ದ ರೀತಿ ತಪ್ಪು ಸರ್.” ಅವಳು ಮೇಜಿನ ಮೇಲಿದ್ದ ಫಾರ್ಮನ್ನು ದೂರ ಸರಿಸಿದಳು. “ಹೋದ ಸಲ ಎಷ್ಟು ಹೇಳಿದ್ರು ಅಂತ ನಾನೇ ನೆನಪು ಮಾಡ್ಕೊಡ್ತಿದ್ದೆ. ಇಳಿದಿದೆಯಾ ಅಂತ ಕೇಳ್ತಿದ್ದೆ. ಅವರು ನನಗೋಸ್ಕರ ಇಳಿಸಿ ಹೇಳ್ತಿದ್ರು.”

ತರಬೇತುಗಾರ್ತಿ ಕ್ಯಾಮೆರಾದ ಹಿಂದಿನಿಂದ ತಲೆಯೆತ್ತಿದಳು. “ಯಾವ ರೋಗಿಗೆ?”

“ಎಲ್ಲರಿಗೂ.”

“ಎಲ್ಲ ಭೇಟಿಯಲ್ಲೂ?”

“ಮೊದಲನೇದು ಬಿಟ್ಟು. ಮೊದಲನೇ ಸಲ ಬಂದೋರಿಗೆ ‘ಹೋದ ಸಲ’ ಅನ್ನೋದು ಇರಲ್ಲವಲ್ಲ.”

ಹೇಳಿದ ಮೇಲೆ ಅದು ನಗೆಚಾಟಿಕೆಯಂತೆ ಕೇಳಿಸಿ ಅವಳಿಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಯಾರೂ ನಗಲಿಲ್ಲ. ದೊಡ್ಡ ಡಾಕ್ಟರು ರೋಗಿಯ ಕುರ್ಚಿಯಲ್ಲೇ ಇದ್ದರು. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

“ಬಯ್ಯಿರಿ ಸರ್,” ಎಂದಳು ಅವಳು.

“ಬಯ್ಯೋಕೂ ಬಾಯಿ ಬರ್ತಿಲ್ಲ. ಹಳೇ ಫಾರ್ಮನ್ನ ಹೊಸದರ ಹಿಂದೆ ಪಿನ್ ಮಾಡಿ ಕಳಿಸಿ ಅಂತ ಹೇಳಿದ್ದು ಯಾರು? ನಾನೇ. ಆ ಗೆರೆ ಅಷ್ಟು ನೀಟಾಗಿ ಇಳಿದಾಗ, ಇದೇನು ಹೀಗೆ ಅಂತ ಕೇಳ್ಬೇಕಾದವನು ಯಾರು? ನಾನೇ. ಕೇಳಲಿಲ್ಲ. ಯಾಕೆಂದ್ರೆ ನನಗೂ ಅದು ಇಳಿಯೋದೇ ಬೇಕಿತ್ತು.”

ಆ ಮಾತಿನಿಂದ ಅವಳ ಹೊರೆ ಇಳಿಯಲಿಲ್ಲ. ತಪ್ಪನ್ನು ಹಂಚಿಕೊಳ್ಳಲು ಇನ್ನೊಬ್ಬರು ಸಿಕ್ಕರೂ ತನ್ನ ಪಾಲು ಇದ್ದಷ್ಟೇ ಇತ್ತು.

ತೀರ್ಮಾನಕ್ಕೆ ಒಂದು ವಾರ ಹಿಡಿಯಿತು. ಆ ಕೋಣೆಯ ಅಂಕಿಗಳನ್ನು, ಮೊದಲ ಭೇಟಿಯವನ್ನು ಬಿಟ್ಟು, ಒಟ್ಟು ಲೆಕ್ಕದಿಂದ ತೆಗೆದುಹಾಕಲಾಯಿತು. ಗೋಡೆಯ ನಕ್ಷೆಯಲ್ಲಿ ಐದೇ ಗೆರೆಗಳು ಉಳಿದವು. ಚಿಕಿತ್ಸೆಯಿಂದ ಪ್ರಯೋಜನವಾಗುತ್ತದೆಯೋ ಇಲ್ಲವೋ ಎಂಬುದು ಈಗ ಯಾರಿಗೂ ಖಚಿತವಿರಲಿಲ್ಲ. ಕಳೆದ ಒಂದು ವರ್ಷದಲ್ಲಿ ‘ಗುಣಮುಖ’ರಾಗಿ ಹೊರಹೋದ ಮೂವತ್ತೇಳು ಮಂದಿಯನ್ನು ಮತ್ತೆ ಕರೆದು, ಹೊಸ ಕ್ರಮದಲ್ಲಿ, ಇನ್ನೊಂದು ಆಸ್ಪತ್ರೆಯ ಸಂದರ್ಶಕನಿಂದ ಕೇಳಿಸುವುದು, ನೋವಿದ್ದವರಿಗೆ ಚಿಕಿತ್ಸೆಯನ್ನು ಪುನಃ ಆರಂಭಿಸುವುದು ಎಂದಾಯಿತು. ಫೋನು ಮಾಡುವ ಕೆಲಸ ನಂಬರಕ್ಕನಿಗೆ ಬಂತು. ಏನು ಹೇಳಬೇಕೆಂಬುದನ್ನೂ ತರಬೇತುಗಾರ್ತಿ ಮೂರು ವಾಕ್ಯಗಳಲ್ಲಿ ಬರೆದುಕೊಟ್ಟಿದ್ದಳು. ಒಂದು ಪದ ಹೆಚ್ಚಿಲ್ಲ, ಕಡಿಮೆಯಿಲ್ಲ. “ಹೇಗಿದ್ದೀರಿ?” ಎನ್ನುವಂತಿರಲಿಲ್ಲ. ಮೂವತ್ತೇಳು ದನಿಗಳು “ಅಕ್ಕಾ!” ಎಂದು ಹಿಗ್ಗಿದವು, ಮೂವತ್ತೇಳು ಸಲ ಅವಳು ದಿನ, ಸಮಯ, ಕೋಣೆಯನ್ನು ಓದಿ ಫೋನಿಟ್ಟಳು. ಶಾಲೆಯ ಆಯಾ ಮಾತ್ರ, “ಯಾಕಕ್ಕಾ, ರೇಡಿಯೋದಲ್ಲಿ ಮಾತಾಡಿದಂಗೆ ಮಾತಾಡ್ತೀರಿ?” ಎಂದು ಕೇಳಿಯೇಬಿಟ್ಟಳು.

ಲಾಂಡ್ರಿಯಮ್ಮನ ಸರದಿ ಶುಕ್ರವಾರ ಬಂತು. ಮೊಗಸಾಲೆಯಲ್ಲಿ ನಂಬರಕ್ಕನನ್ನು ಕಂಡು ಅವಳು ಎಡಗೈಯಿಂದ ಕೋಟಿನ ತೋಳು ಹಿಡಿದು ಪಕ್ಕಕ್ಕೆ ಎಳೆದಳು.

“ನನ್ನಿಂದ ನಿಮಗೆ ತೊಂದ್ರೆ ಆಯ್ತಂತೆ. ನೀರಿನ ಯಂತ್ರದ ಹತ್ರ ಎಲ್ಲ ಮಾತಾಡ್ಕೊಳ್ತಿದ್ರು. ಈಗ ಎಷ್ಟು ಅಂದ್ರೆ ಸರಿಹೋಗುತ್ತೆ ಹೇಳಿ. ಹತ್ತು ಅನ್ಲಾ? ಅಂದ್ಬಿಡ್ತೀನಿ.”

“ನಿಮ್ಮಿಂದ ಅಲ್ಲ, ನನ್ನಿಂದಲೇ ಆಗಿದ್ದು. ನಿಮ್ಮ ಕೈ ಏನು ಹೇಳುತ್ತೋ ಅದನ್ನ ಹೇಳಿ.”

“ಕೈ ಏನು ಹೇಳುತ್ತೆ ತಾಯಿ, ಕೈಗೆ ಬಾಯಿದ್ಯಾ? ನೀವು ಒಳಗೆ ಬಂದು ಕೂತ್ಕೊಳ್ಳಿ, ಸಾಕು.”

“ನಾನು ಬರಬಾರದು.”

ಬಾಗಿಲು ಮುಚ್ಚಿತು. ನಂಬರಕ್ಕ ಎದುರಿನ ಬೆಂಚಿನಲ್ಲಿ ಕೂತಳು. ಬಾಗಿಲಿನ ಗಾಜಿನಿಂದ ತನ್ನ ಮುಖ ಒಳಗಿನವರಿಗೆ ಕಂಡೀತೆಂದು ಅನ್ನಿಸಿ ಎದ್ದು ಗೋಡೆಯ ಮರೆಗೆ ಸರಿದಳು. ಒಳಗಿನಿಂದ ಸಂದರ್ಶಕನ ಏರಿಳಿತವಿಲ್ಲದ ದನಿ ಕೇಳಿಸಿತು; ಒಂದು, ಎರಡು, ಮೂರು, ನಾಲ್ಕನೆಯ ಪ್ರಶ್ನೆ. ಆಮೇಲೆ ಮೌನ. ಅದು ಎಷ್ಟು ಹೊತ್ತಿನ ಮೌನ! ಎರಡು ಸಲ ಅವಳ ಕೈ ತಾನಾಗಿಯೇ ಬಾಗಿಲ ಹಿಡಿಕೆಯತ್ತ ಹೋಯಿತು. ಎರಡು ಸಲವೂ ಅವಳು ಅದನ್ನು ಕೋಟಿನ ಜೇಬಿಗೆ ತುರುಕಿದಳು. ಕೊನೆಗೆ ಒಳಗೆ ಲಾಂಡ್ರಿಯಮ್ಮ ಏನೋ ಒಂದು ಮಾತು ಹೇಳಿದಳು. ಬಹಳ ಮೆಲ್ಲಗೆ, ಅವಳದಲ್ಲವೇನೋ ಎಂಬಂಥ ದನಿಯಲ್ಲಿ. ಅದು ಎಷ್ಟೆಂದು ಹೊರಗೆ ಕೇಳಿಸಲಿಲ್ಲ.

ಹೊರಬಂದಾಗ ಅವಳ ಕಣ್ಣು ತೇವವಾಗಿತ್ತು. “ಅವರು ಸುಮ್ಮನೆ ಕೂತಿದ್ರು, ತಾಯಿ. ನಾನೂ ಕೂತೆ. ಕೂತೂ ಕೂತೂ ಆ ರಾತ್ರಿಗಳೆಲ್ಲ ಒಂದೊಂದಾಗಿ ನೆನಪಾದ್ವು. ಆಮೇಲೆ ಹೇಳಿದೆ. ಎಷ್ಟು ಅಂದೆ ಗೊತ್ತಾ?”

“ಬೇಡ. ನನಗೆ ಹೇಳಬೇಡಿ.”

ಹೊಸ ಕೈಪಿಡಿಯ ಪ್ರಕಾರ ಅದೂ ನಿಯಮವೇ ಆಗಿತ್ತು. ಆದರೆ ನಂಬರಕ್ಕನಿಗೆ ಆ ಕ್ಷಣ ನಿಯಮ ನೆನಪಿರಲಿಲ್ಲ. ಆ ಅಂಕಿ ಕೇಳಿಸಿದರೆ ತನ್ನ ಮುಖ ಏನು ಮಾಡೀತೋ ಎಂಬ ಭಯವೊಂದೇ ಇತ್ತು.

ಲಾಂಡ್ರಿಯಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. “ಇಷ್ಟು ದಿನ ಕೇಳಿ ಕೇಳಿ ಬರ್ಕೊಂಡ್ರಿ. ಈಗ ನಾನಾಗೇ ಹೇಳ್ತೀನಿ ಅಂದ್ರೆ ಬೇಡ ಅಂತೀರಿ.”

ಚಿಕಿತ್ಸೆಯ ಕೋಣೆಯಿಂದ ಯಾರೋ ಲಾಂಡ್ರಿಯಮ್ಮನ ಸರದಿಯನ್ನು ಕೂಗಿದರು. ನಾಲ್ಕು ತಿಂಗಳ ನಂತರ ಆ ಬಾಗಿಲು ಅವಳಿಗೆ ಮತ್ತೆ ತೆರೆದಿತ್ತು. ಅವಳು ಬಲಗೈಯನ್ನು ಎಡಗೈಯಲ್ಲಿ ಎತ್ತಿಕೊಂಡು, ಹಿಂದಿರುಗಿ ನೋಡದೆ ಒಳಗೆ ಹೋದಳು.